ಬಂಡೆಯ ಮೇಲೆ ನಿಂತ ಮುದುಕಿ

ಬೆಟ್ಟದ ಆ ರಸ್ತೆಯಲ್ಲಿ ಎರಡು ಮೈಲಿ ದೂರಕ್ಕೆ ಒಂದು ಗಾಡಿಗೆ ಮಾತ್ರ ಜಾಗ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ಹಾಗಾಗಿ ಮೇಲೊಂದು ಗೇಟು, ಕೆಳಗೊಂದು ಗೇಟು. ಮೇಲಿನ ಗಾಡಿಗಳು ಇಳಿಯುವಾಗ ಕೆಳಗಿನವು ಕಾಯಬೇಕು, ಕೆಳಗಿನವು ಹತ್ತುವಾಗ ಮೇಲಿನವು ಕಾಯಬೇಕು. ಸಾಲಿನ ಕಡೆಯ ಗಾಡಿಯವನ ಕೈಗೆ ಕೆಂಪು ಬಣ್ಣ ಬಳಿದ ಒಂದು ಕೊಳವೆ ಕೊಡುತ್ತಾರೆ. ಅದು ಆಚೆಯ ಗೇಟಿಗೆ ಮುಟ್ಟುವ ತನಕ ಅಲ್ಲಿಂದ ಒಂದು ಸೈಕಲ್ಲನ್ನೂ ಬಿಡುವ ಹಾಗಿಲ್ಲ.

ಕೊಳವೆಯೊಳಗೆ ಒಂದು ಚೀಟಿ ಇರುತ್ತದೆ. ಇಷ್ಟು ಗಾಡಿ, ಇಷ್ಟು ಹೊತ್ತಿಗೆ ಬಿಟ್ಟಿದೆ ಎಂದು. ನಡುದಾರಿಯಲ್ಲಿ ಗಾಡಿ ಪಕ್ಕಕ್ಕೆ ನಿಲ್ಲಿಸಲು ಸ್ವಲ್ಪ ಜಾಗವಿದೆ. ಅಲ್ಲಿ ಯಾರಾದರೂ ಇಂಜಿನ್ ಕೆಟ್ಟು ನಿಂತಿದ್ದರೆ ಹಿಂದಿನವನು ಅವನನ್ನು ದಾಟಿ ಬಂದುಬಿಡಬಹುದು. ಆದ್ದರಿಂದ ಕೊಳವೆ ಬಂದರೆ ಸಾಲದು, ಎಣಿಕೆಯೂ ಸರಿಹೋಗಬೇಕು. ಚೀಟಿ ಇಲ್ಲದ ಕೊಳವೆ ಬಂದು, ಫೋನೂ ಕೆಟ್ಟಿದ್ದರೆ, ಗೇಟಿನವನು ಗೇಟಿಗೆ ಬೀಗ ಹಾಕಿ ಆ ಎರಡು ಮೈಲಿಯನ್ನು ತಾನೇ ನಡೆದು ನೋಡಬೇಕು. ಗೋಡೆಗೆ ತೂಗುಹಾಕಿದ ನಿಯಮಗಳಲ್ಲಿ ಇದು ಒಂಬತ್ತನೆಯದು. ಅದು ಬಂದ ಏಳು ವರ್ಷಗಳಲ್ಲಿ ಯಾರಿಗೂ ಬೇಕಾಗಿರಲಿಲ್ಲ.

ಈ ನಿಯಮಗಳು ಹುಟ್ಟಿದ್ದು, ಈಗ ಮೇಲಿನ ಗೇಟಿನಲ್ಲಿರುವ ಅಜ್ಜಿಯ ಮಗ ಈ ರಸ್ತೆಯಲ್ಲಿ ತೀರಿಹೋದ ಮೇಲೆ. ಮೇಲಿನ ಗೇಟಿನ ಕೋಣೆಯ ಕಿಟಕಿಯಲ್ಲಿ ಕೂತರೆ, ಮಂಜಿಲ್ಲದ ದಿನ, ಅವನ ಲಾರಿಗೆ ಎದುರಿನಿಂದ ಇನ್ನೊಂದು ಲಾರಿ ಬಂದ ತಿರುವು ಕಾಣಿಸುತ್ತದೆ. ಸುಣ್ಣ ಬಳಿದ ಏಳೆಂಟು ಕಲ್ಲುಗಳು, ಅಷ್ಟೇ. ಅವನ ಹೆಂಡತಿಗೆ ರಸ್ತೆ ಕಚೇರಿಯವರು ಮೇಲಿನ ಗೇಟಿನ ಕೆಲಸ ಕೊಟ್ಟರು. ಅತ್ತೆ ಸೊಸೆ ಇಬ್ಬರೂ ಆ ಕೋಣೆಗೆ ಬಂದರು. ಒಂದು ಒಲೆ, ಎರಡು ಕುರ್ಚಿ, ಕೋಟು ಸಿಕ್ಕಿಸಲು ನಾಲ್ಕು ಮೊಳೆ, ಹಿಂದೆ ಮಲಗುವ ಜಾಗ. ಮೊದಲ ಒಂದು ವರ್ಷ ಅಜ್ಜಿ ದೇವರ ಹತ್ತಿರ ಮಾತು ಬಿಟ್ಟಿದ್ದಳು. ಆಮೇಲೆ, ಒಂದೇ ಮನೆಯಲ್ಲಿದ್ದು ಎಷ್ಟು ದಿನ ಮುನಿಸಿಕೊಂಡಿರಲು ಸಾಧ್ಯ ಎಂದು ತಾನೇ ಮೊದಲು ಮಾತಾಡಿಸಿದಳು. ಅಂದಿನಿಂದ ಆ ತಿರುವಿನಲ್ಲಿ ಹಾಯುವ ಪ್ರತಿಯೊಂದು ಗಾಡಿಗೂ ಅವಳದೊಂದು ಮಾತು ಇದ್ದೇ ಇತ್ತು: "ಇವನನ್ನ ದಾಟಿಸು ತಂದೆ." ಹಾಲಿನ ಗಾಡಿಗೂ ಅಷ್ಟೇ, ಬಸ್ಸಿಗೂ ಅಷ್ಟೇ, ಒಮ್ಮೆ ಸರ್ಕಸ್ಸಿನ ಒಂಟೆ ಹೊತ್ತ ಲಾರಿಗೂ ಅಷ್ಟೇ.

ಇನ್ನು ಕೆಳಗಿನ ಗೇಟಿನವನ ವಿಷಯ. ಅವನನ್ನು ಅಜ್ಜಿ ಒಂದೇ ಸಲ ನೋಡಿದ್ದಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೇಲೆ ಬಂದಿದ್ದ. ಉದ್ದನೆಯ ಮನುಷ್ಯ. ಒಳಗೆ ಬರುವಾಗ ಬಾಗಿಲ ಮೇಲಿನ ಅಡ್ಡಪಟ್ಟಿಗೆ ತಲೆ ಬಡಿಸಿಕೊಂಡ, ಪರವಾಗಿಲ್ಲ ಎಂದ, ಚಹಾ ಕುಡಿದ, ಹೋಗುವಾಗ ಮತ್ತೆ ಬಡಿಸಿಕೊಂಡ. ತಾಯಿಯನ್ನು ನೋಡಿಕೊಳ್ಳುವುದರಲ್ಲೇ ನಲವತ್ತು ದಾಟಿದವನು. ತಾಯಿ ಹೋದ ಮೇಲೆ ಒಂಟಿ. ಒಬ್ಬರು ಗೇಟು ಬಿಟ್ಟರೆ ರಸ್ತೆಯೇ ನಿಂತುಹೋಗುವುದರಿಂದ, ಅವನೂ ಸೊಸೆಯೂ ಆಮೇಲೆ ಮುಖ ನೋಡಿದ್ದೇ ಇಲ್ಲ. ದಿನಕ್ಕೆ ಹದಿನಾಲ್ಕು ಸಲ ಫೋನಿನಲ್ಲಿ ಮಾತಾಡುತ್ತಿದ್ದರು. "ಆರು ಗಾಡಿ. ಕಡೇದು ಬ್ರೆಡ್ಡಿನ ವ್ಯಾನು." "ಸರಿ. ಆರು." ಇಷ್ಟೇ. ಆದರೆ ಆ ಆರು ಎನ್ನುವುದನ್ನು ಸೊಸೆ ಹೇಗೆ ಹೇಳುತ್ತಾಳೆ ಎಂಬುದು ಈಚೀಚೆಗೆ ಅಜ್ಜಿಯ ಕಿವಿಗೆ ಬಿದ್ದಿತ್ತು.

ಶುರುವಾದದ್ದು ಹೀಗೆ. ಹೋದ ಚಳಿಗಾಲ ಹನ್ನೊಂದು ದಿನ ಮಂಜು ಕವಿದಿತ್ತು. ಸೊಸೆ ಬೇಸರಕ್ಕೆ ಚೀಟಿಯ ಹಿಂದೆ, "ಇಲ್ಲಿ ಓದಲು ಏನೂ ಉಳಿದಿಲ್ಲ, ಬೆಂಕಿಪೆಟ್ಟಿಗೆಯ ಮೇಲಿನ ಅಕ್ಷರವನ್ನೂ ಓದಿಯಾಯಿತು" ಎಂದು ಬರೆದು ಕಳಿಸಿದಳು. ಮರುದಿನ ಮೇಲೆ ಬಂದ ಕೊಳವೆಯಲ್ಲಿ ಚೀಟಿಯ ಜೊತೆಗೆ ಸುರುಳಿ ಸುತ್ತಿದ ಒಂದು ಹಾಳೆ ಇತ್ತು. ಅವನೇ ಬರೆಯತೊಡಗಿದ್ದ ಕಾದಂಬರಿಯ ಮೊದಲ ಪುಟ. ಬೆಟ್ಟದ ತುದಿಯಲ್ಲಿ ಗಾಳಿ ಮಳೆ ಅಳೆಯುವ ಒಂದು ಠಾಣೆ, ಅಲ್ಲಿ ಒಂಟಿಯಾಗಿ ಕೆಲಸ ಮಾಡುವ ಒಬ್ಬ ಹೆಂಗಸು, ಹಿಮದಲ್ಲಿ ಠಾಣೆಯ ತನಕ ಬಂದು ಹಿಂದಿರುಗದ ಹೆಜ್ಜೆಗುರುತುಗಳು. ಪುಟದ ಕೊನೆಗೆ ಯಾರೋ ಬಾಗಿಲು ಬಡಿದರು.

ಅಂದಿನಿಂದ ದಿನಕ್ಕೊಂದು ಪುಟ. ಸೊಸೆ ಗಟ್ಟಿಯಾಗಿ ಓದುತ್ತಾಳೆ, ಅಜ್ಜಿ ಹೆಣೆಯುತ್ತಾ ಕೇಳುತ್ತಾಳೆ. ಕತ್ತರಿಸಿದ ಹಗ್ಗ ಹಿಡಿದು ಬಂದ ಅಪರಿಚಿತ ಒಳ್ಳೆಯವನೋ ಕೆಟ್ಟವನೋ ಎಂದು ಅತ್ತೆ ಸೊಸೆಗೆ ಒಂದು ತಿಂಗಳು ವಾದ ನಡೆಯಿತು. ಒಳ್ಳೆಯವನೇ ಎಂದು ಗೊತ್ತಾದ ದಿನ ಸೊಸೆ ಹಾಲು ಉಕ್ಕಿಸಿಬಿಟ್ಟಳು. ಅಜ್ಜಿಯ ತಕರಾರು ಒಂದೇ: ಪ್ರತಿ ಪುಟದ ಕೊನೆಗೂ ಯಾರಾದರೂ ಬಾಗಿಲು ಬಡಿಯುತ್ತಾರೆ, ಆ ಬೆಟ್ಟದಲ್ಲಿ ಸುಮ್ಮನೆ ಒಳಗೆ ಬರುವ ಮರ್ಯಾದಸ್ಥರು ಒಬ್ಬರೂ ಇಲ್ಲವೇ.

ಅದೇ ಕಾಲಕ್ಕೆ ರಸ್ತೆಯಲ್ಲಿ ಇನ್ನೊಂದು ಸೋಜಿಗವೂ ನಡೆಯಿತು. ಮೊದಲೆಲ್ಲ ಗೇಟಿನ ಮುಂದೆ ನಾನು ಮುಂದೆ ತಾನು ಮುಂದೆ ಎಂದು ಹಾರನ್ ಹೊಡೆದು ಜಗಳವಾಡುತ್ತಿದ್ದ ಡ್ರೈವರುಗಳು ಇದ್ದಕ್ಕಿದ್ದಂತೆ ಸಾಧುಗಳಾದರು. "ನೀವು ಮುಂದೆ ಹೋಗಿ." "ಇಲ್ಲಣ್ಣ, ನೀವೇ ಹೋಗಿ." ಎಲ್ಲರಿಗೂ ಹಿಂದುಳಿಯುವ ಆಸೆ. ಇದು ದೇವರ ಕೃಪೆಯಲ್ಲದೆ ಬೇರೆಯಲ್ಲ ಎಂದು ಅಜ್ಜಿ ಅದಕ್ಕಾಗಿಯೇ ಬೇರೆಯಾಗಿ ಕೈ ಮುಗಿದಿದ್ದಳು.

ತಿಂಗಳ ಕೊನೆಗೆ ಗೇಟುಗಳು ಹೋಗುತ್ತವೆ ಎಂದು ಒಂದು ದಿನ ಸುದ್ದಿ ಬಂತು. ಬಂಡೆ ಒಡೆದು ರಸ್ತೆ ಅಗಲ ಮಾಡುತ್ತಾರೆ. ಕೆಳಗಿನವನಿಗೆ ಕೆಳಗಿನ ಊರಲ್ಲಿ ರಸ್ತೆ ಕಚೇರಿಯ ಉಗ್ರಾಣದ ಕೆಲಸ ಮತ್ತು ಒಂದು ಮನೆ. ಮೇಲಿನ ಕೋಣೆ ದಾರಿಹೋಕರು ಮಂಜಿನಲ್ಲಿ ತಂಗುವ ಜಾಗವಾಗುತ್ತದೆ, ಸೊಸೆ ಬೇಕಿದ್ದರೆ ಅದನ್ನು ನೋಡಿಕೊಂಡು ಅಲ್ಲೇ ಇರಬಹುದು.

ಒಂದು ಮಧ್ಯಾಹ್ನ ಅಜ್ಜಿ ಕಿಟಕಿಯ ಹತ್ತಿರ ಕಣ್ಣು ಮುಚ್ಚಿ ಕೂತಿದ್ದಳು. ನಿದ್ದೆಯಲ್ಲ, ದೇವರ ಹತ್ತಿರ ಒಂದೆರಡು ವಿಚಾರ ಮಾತಾಡುವುದಿತ್ತು. ಫೋನು ಬಂತು. ಸೊಸೆ ಐದು ಎಂದಳು, ಸರಿ ಎಂದಳು, ಆಮೇಲೆ ಬಹಳ ಹೊತ್ತು ಸುಮ್ಮನೆ ಕೇಳಿಸಿಕೊಂಡಳು. ಕೊನೆಗೆ ದನಿ ತಗ್ಗಿಸಿ ಹೇಳಿದಳು: "ಅತ್ತೆ ಆ ಕಿಟಕಿ ಬಿಟ್ಟು ಬರೋದಿಲ್ಲ. ನಾನು ಅವರನ್ನ ಬಿಟ್ಟು ಬರೋದಿಲ್ಲ. ಬನ್ನಿ ಅಂತ ಅವರನ್ನ ಕೇಳೋದೂ ಇಲ್ಲ. ಕೇಳಿದ್ರೆ ಅವರು ನನಗೋಸ್ಕರ ಹೂಂ ಅಂತಾರೆ." ಫೋನು ಇಟ್ಟಳು. ಹಿಂದಿನ ಕೋಣೆಗೆ ಹೋಗಿ ಒಗೆದ ಬಟ್ಟೆಯನ್ನೇ ಮತ್ತೆ ಒಗೆಯತೊಡಗಿದಳು.

ಅಜ್ಜಿ ಕಣ್ಣು ತೆರೆಯಲಿಲ್ಲ. ತೆರೆದಿದ್ದರೆ ನೀರು ಬರುತ್ತಿತ್ತು.

ಮರುದಿನದ ಪುಟದಲ್ಲಿ ಒಬ್ಬ ಮುದುಕಿ ಬಂದಳು. ಠಾಣೆಯ ಹೆಂಗಸೂ ಆ ಅಪರಿಚಿತನೂ ಕಣಿವೆಗೆ ಇಳಿಯಬೇಕು, ಹಿಂದೆ ಹಿಮ ಜಾರಿಬರುತ್ತಿದೆ. ದಾರಿಗೆ ಅಡ್ಡವಾಗಿ ಒಂದು ಬಂಡೆ. ಬಂಡೆಯ ಮೇಲೆ ಮುದುಕಿ. ಅವಳು ಒಂದು ಮಾತೂ ಆಡುವುದಿಲ್ಲ, ದೂರ ಎಲ್ಲೋ ನೋಡುತ್ತಾ ನಿಂತಿದ್ದಾಳೆ. ಎರಡನೆಯ ದಿನವೂ ಅಲ್ಲೇ ನಿಂತಿದ್ದಳು. ಮೂರನೆಯ ದಿನದ ಪುಟದ ತುಂಬ ಗಾಳಿಯ ವರ್ಣನೆ, ಮೋಡದ ವರ್ಣನೆ, ಕೊನೆಗೆ ಮುದುಕಿ ನಿಂತೇ ಇದ್ದಾಳೆ. ಬಾಗಿಲು ಬಡಿಯುವವರೂ ಬರಲಿಲ್ಲ.

"ಇವನಿಗೆ ಆ ಮುದುಕಿಯನ್ನ ಏನು ಮಾಡಬೇಕೋ ಗೊತ್ತಾಗ್ತಿಲ್ಲ," ಎಂದಳು ಅಜ್ಜಿ.

"ಕತೆ ಅಲ್ವಾ ಅತ್ತೆ, ಏನಾದ್ರೂ ಮಾಡ್ತಾರೆ," ಎಂದು ಸೊಸೆ ಹಾಳೆ ಮಡಿಚಿದಳು.

"ಸಾಯಿಸಿದರೆ ಮಾತ್ರ ನಾನು ಸುಮ್ಮನಿರಲ್ಲ. ಹೇಳಿರು ಅವನಿಗೆ."

ಸೊಸೆ ನಕ್ಕಳು. ಆ ನಗು ಕಣ್ಣಿನ ತನಕ ಹೋಗಲಿಲ್ಲ. ತಿಂಗಳು ಮುಗಿಯಲು ಇನ್ನು ಮೂರೇ ದಿನ ಉಳಿದಿತ್ತು.

ಸೊಸೆ ತಿಳಿದುಕೊಂಡದ್ದು ತಪ್ಪು ಎಂದು ಅಜ್ಜಿಗೆ ಗೊತ್ತಿತ್ತು. ಹಾಗೆಂದು ಎದುರಿಗೆ ಕೂರಿಸಿ ಹೇಳಿದರೆ ಅವಳು ನಂಬುತ್ತಿರಲಿಲ್ಲ. ಅತ್ತೆ ತನಗಾಗಿ ಹೇಳುತ್ತಿದ್ದಾರೆ ಎಂದು ಇನ್ನಷ್ಟು ಗಟ್ಟಿಯಾಗುತ್ತಿದ್ದಳು. ಏಳು ವರ್ಷ ಒಂದೇ ಒಲೆಯ ಮುಂದೆ ಕೂತವರಿಗೆ ಇಷ್ಟು ತಿಳಿಯದೇ ಹೋಗುತ್ತದೆಯೇ. ಬಂಡೆಯ ಮೇಲೆ ನಿಂತವಳನ್ನು ಇಳಿಸುವುದಾದರೆ ಕತೆಯೊಳಗಿಂದಲೇ ಇಳಿಸಬೇಕು ಎಂದುಕೊಂಡಳು. ಮರುದಿನ ಬೆಳಗ್ಗೆ ಸೊಸೆ ಹೊರಗೆ ಗೇಟಿನ ಹತ್ತಿರ ಇದ್ದಾಗಲೆಲ್ಲ ಎರಡೆರಡು ಸಾಲು ಬರೆದು, ಮಧ್ಯಾಹ್ನದ ಹೊತ್ತಿಗೆ ಕಾದಂಬರಿಯ ಒಂದು ಪುಟ ಮುಗಿಸಿದಳು:

"ಮುದುಕಿ ಬಂಡೆಯಿಂದ ಇಳಿದಳು. ಯಾರೂ ಇಳಿಸಲಿಲ್ಲ, ತಾನೇ ಇಳಿದಳು. ಮೂರು ದಿನ ಚಳಿಯಲ್ಲಿ ನಿಲ್ಲಿಸಿದ್ದಕ್ಕೆ ಅವಳಿಗೆ ಸಿಟ್ಟು ಬಂದಿತ್ತು. ಅವಳು ಹೇಳಿದ್ದೇನೆಂದರೆ, ನಾನು ಇಲ್ಲಿಂದ ಕದಲುವುದಿಲ್ಲ ಎಂದು ನಿಮಗೆ ಹೇಳಿದವರು ಯಾರು? ನನ್ನನ್ನು ಒಂದು ಮಾತು ಕೇಳಿದಿರಾ? ನಾನು ನೋಡುತ್ತಿರುವ ತಿರುವಿನಲ್ಲಿ ನನ್ನ ಮಗ ಇಲ್ಲ. ಅವನು ದೇವರ ಹತ್ತಿರ ಇದ್ದಾನೆ. ದೇವರು ಕಣಿವೆಯಲ್ಲೂ ಇದ್ದಾನೆ ಎಂದು ಕೇಳಿದ್ದೇನೆ. ಬಂಡೆ ಒಡೆಯುವವರು ಬಂದರೆ ಆ ತಿರುವೂ ಹೋಗುತ್ತದೆ, ಹೋಗಲಿ, ಇನ್ನೊಬ್ಬ ತಾಯಿಯ ಮಗ ಉಳಿಯುತ್ತಾನೆ. ನನಗೆ ಬೇಕಾದದ್ದು ಒಂದು ಕಿಟಕಿ. ಬೆಳಗಿನ ಬಿಸಿಲು ಬೀಳಬೇಕು, ಹೋಗಿಬರುವವರು ಕಾಣಬೇಕು. ಕಿಟಕಿ ಇದೆಯೋ ಇಲ್ಲವೋ ಅದನ್ನು ಮೊದಲು ಹೇಳಿ. ಉಳಿದದ್ದು ನಿಮ್ಮಿಬ್ಬರಿಗೆ ಸೇರಿದ್ದು."

ಮೂರು ಗಂಟೆಗೆ ಇಳಿಯುವ ಗಾಡಿಗಳು ನಾಲ್ಕು, ಕಡೆಯದು ಹಾಲಿನ ಗಾಡಿ. ಸೊಸೆ ಚೀಟಿ ಬರೆದು ಕೊಳವೆಗೆ ಹಾಕಿ, ಮೇಜಿನ ಮೇಲಿಟ್ಟು ಗೇಟು ಎತ್ತಲು ಹೋದಳು. ಅಜ್ಜಿ ಮುಚ್ಚಳ ತೆಗೆದು ತನ್ನ ಪುಟ ತುರುಕಿದಳು. ಅದು ರಟ್ಟಿನಂಥ ದಪ್ಪ ಹಾಳೆ, ಹಳೆಯ ಕ್ಯಾಲೆಂಡರಿನ ಹಿಂಬದಿ. ಒಳಗಿನ ಚೀಟಿಗೆ ತಗುಲಿ ಅರ್ಧಕ್ಕೇ ನಿಂತಿತು. ಚೀಟಿಯನ್ನು ಹೊರಗೆ ತೆಗೆದಳು, ಪುಟ ಹೋಯಿತು. ಚೀಟಿ ಸೇರಿಸಬೇಕು ಎನ್ನುವಾಗ ಹೊರಗೆ ಸೊಸೆಯ ಚಪ್ಪಲಿಯ ಸದ್ದು. ಅಜ್ಜಿ ಮುಚ್ಚಳ ತಿರುಗಿಸಿ, ಚೀಟಿಯನ್ನು ಕನ್ನಡಕದ ಡಬ್ಬಿಗೆ ಹಾಕಿ, ಹೆಣಿಗೆ ಕೈಗೆತ್ತಿಕೊಂಡಳು. ನಾಲ್ಕು ಎನ್ನುವುದನ್ನು ಹೇಗೂ ಫೋನಿನಲ್ಲಿ ಹೇಳುತ್ತಾಳಲ್ಲ ಎಂದುಕೊಂಡಳು.

ಹಾಲಿನ ಗಾಡಿ ಮಂಜಿನೊಳಗೆ ಹೋಯಿತು. ಸೊಸೆ ಫೋನು ಎತ್ತಿದಳು, ಎರಡು ಸಲ ತಟ್ಟಿದಳು, ಇಟ್ಟಳು.

"ಗಾಳಿಗೆ ತಂತಿ ಹೋಗಿದೆ ಅತ್ತೆ. ಪರವಾಗಿಲ್ಲ, ಚೀಟಿ ಇದೆಯಲ್ಲ."

ಅಜ್ಜಿಯ ಕೈಯಲ್ಲಿ ಒಂದು ಹೆಣಿಗೆ ಕುಣಿಕೆ ತಪ್ಪಿತು.

ಮೂರೂಮುಕ್ಕಾಲಿಗೆ ಹತ್ತುವ ಸಾಲು ಬರಬೇಕಿತ್ತು, ಬರಲಿಲ್ಲ. ಮೇಲೆ ಇಳಿಯಲು ಬಂದ ಬಸ್ಸು, ಅದರ ಹಿಂದೆ ಎರಡು ಲಾರಿ, ಒಂದು ಕಾರು ಕಾಯುತ್ತಿದ್ದವು. ಬಸ್ಸಿನ ಡ್ರೈವರ್ ಚಳಿ ಎಂದು ಒಳಗೆ ಬಂದು ಒಲೆಯ ಮುಂದೆ ಕೂತ. ಹೊಟ್ಟೆಯ ಮೇಲೆ ಚಹಾ ಲೋಟ ಇಟ್ಟುಕೊಂಡರೆ ಬೀಳದಷ್ಟು ದಪ್ಪದ ಮನುಷ್ಯ. ನಾಲ್ಕಾಯಿತು. ಸೊಸೆ ಮೂರು ಸಲ ಹೊರಗೆ ಹೋಗಿ ಕಿವಿಗೊಟ್ಟು ಬಂದಳು. ಮೂರನೆಯ ಸಲ ಬಂದಾಗ ಅವಳ ಮುಖ ಏಳು ವರ್ಷದ ಹಿಂದಿನ ಒಂದು ದಿನದ ಹಾಗಿತ್ತು. ಅದನ್ನು ನೋಡಿದ ಮೇಲೆ ಅಜ್ಜಿಗೆ ಬಚ್ಚಿಟ್ಟುಕೊಳ್ಳುವುದಕ್ಕೆ ಆಗಲಿಲ್ಲ. ಕನ್ನಡಕದ ಡಬ್ಬಿ ತೆರೆದು ಚೀಟಿಯನ್ನು ಮೇಜಿನ ಮೇಲಿಟ್ಟಳು.

"ಯಾರಿಗೂ ಏನೂ ಆಗಿಲ್ಲ ಮಗಳೇ. ಇದು ನನ್ನ ಹತ್ರ ಉಳೀತು. ಅವನು ನಡೆದು ಬರ್ತಿದ್ದಾನೆ."

ಸೊಸೆ ಚೀಟಿಯನ್ನು ನೋಡಿದಳು, ಗೋಡೆಯ ಒಂಬತ್ತನೆಯ ನಿಯಮವನ್ನು ನೋಡಿದಳು, ಅತ್ತೆಯನ್ನು ನೋಡಿದಳು. "ಮತ್ತೆ ಕೊಳವೆಯಲ್ಲಿ ಏನಿದೆ?"

"ಒಂದು ಪುಟ. ಆ ಮುದುಕಿಯನ್ನ ನಾನೇ ಇಳಿಸಿದೆ."

"ಇಳಿಸಿದ್ರಾ?" ಎಂದು ಬಸ್ಸಿನ ಡ್ರೈವರ್ ಕುರ್ಚಿಯಿಂದ ಎದ್ದೇಬಿಟ್ಟ. "ಬದುಕಿದ್ದಾಳಾ, ಅಜ್ಜಿ? ನಾವು ಕೆಳಗೆ ಮೂರು ದಿನದಿಂದ ಅದೇ ಯೋಚನೇಲಿದ್ದೀವಿ."

ಅತ್ತೆ ಸೊಸೆ ಇಬ್ಬರೂ ಅವನ ಕಡೆ ತಿರುಗಿದರು. ಡ್ರೈವರ್ ತಾನು ಏನು ಹೇಳಿದೆ ಎಂದು ತಿಳಿದು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಒಂದೊಂದಾಗಿ ಹೊರಬಂತು. ಕೊಳವೆ ಸಿಕ್ಕಿದವನು ನಡುದಾರಿಯ ಆ ಜಾಗದಲ್ಲಿ ಎರಡು ನಿಮಿಷ ನಿಲ್ಲಿಸಿ ಪುಟ ಓದುತ್ತಾನೆ, ಸಂಜೆ ಉಳಿದವರಿಗೆ ಹೇಳುತ್ತಾನೆ. ಕಡೆಯ ಗಾಡಿಯಾಗಲು ಎಲ್ಲರೂ ಹೊಡೆದಾಡುವುದೇ ಅದಕ್ಕೆ. ಬ್ರೆಡ್ಡಿನವನಂತೂ ಓದಲು ಹೆಂಡತಿಯನ್ನೇ ವ್ಯಾನಿನಲ್ಲಿ ಕರೆತರುತ್ತಾನಂತೆ.

"ಇದಾ ನಿಮ್ಮ ಮರ್ಯಾದೆ," ಎಂದಳು ಅಜ್ಜಿ. "ನಾನು ದೇವರಿಗೆ ಬೇರೆ ಕೈ ಮುಗಿದೆನಲ್ಲಪ್ಪಾ."

ಸೊಸೆ ಇದಾವುದನ್ನೂ ಕೇಳುತ್ತಿರಲಿಲ್ಲ. ಕೋಟು ಹಾಕಿಕೊಂಡು, ಮೊಳೆಯಿಂದ ಸೀಟಿ ತೆಗೆದು ಕೊರಳಿಗೆ ಹಾಕಿದಳು. ಕೆಳಗಿನವನಿಗೆ ಮಂಡಿ ನೋವು, ಈ ಮಂಜಿನಲ್ಲಿ ಅಂಚು ಕಾಣುವುದಿಲ್ಲ, ತಾನು ನಾಲ್ಕು ಎಂದು ಹೇಳಿದರೆ ಅಲ್ಲಿಂದಲೇ ಹಿಂದಿರುಗಬಹುದು ಎಂದಳು. ಗೇಟಿಗೆ ಬೀಗ ಹಾಕಿ ಬೀಗದ ಕೈಯನ್ನು ಅತ್ತೆಯ ಕೈಗೆ ಕೊಟ್ಟಳು. ಮಂಜಿನಲ್ಲಿ ರಸ್ತೆಗೆ ಕಾಲಿಟ್ಟವರು ನೂರು ಹೆಜ್ಜೆಗೊಮ್ಮೆ ಸೀಟಿ ಊದಬೇಕು, ಅದು ಹತ್ತನೆಯ ನಿಯಮ. ಬಂಡೆಯ ಪಕ್ಕಕ್ಕೇ ಅಂಟಿಕೊಂಡು ಹೋಗು ಎಂದಳು ಅಜ್ಜಿ. ಹೂಂ ಎಂದು ಸೊಸೆ ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಮಂಜು ಅವಳನ್ನು ನುಂಗಿತು.

ಅಜ್ಜಿ ಗೇಟಿನ ಕಂಬ ಹಿಡಿದು ನಿಂತಳು. ಡ್ರೈವರ್ ಒಳಗಿನಿಂದ ಕುರ್ಚಿ ತಂದಿಟ್ಟ, ಅವಳು ಕೂರಲಿಲ್ಲ. ಸೊಸೆಯ ಸೀಟಿ ಒಂದು, ಎರಡು, ಮೂರು ಎಂದು ದೂರವಾಯಿತು. ಬಸ್ಸಿನ ಪ್ರಯಾಣಿಕರೂ ಇಳಿದು ಬಂದು ಸದ್ದು ಮಾಡದೆ ನಿಂತರು. ಎಷ್ಟೋ ಹೊತ್ತಿನ ಮೇಲೆ, ಬಹಳ ಕೆಳಗಿನಿಂದ, ಇನ್ನೊಂದು ಸೀಟಿ. ಅದರ ದನಿ ದಪ್ಪ.

"ಅವನೇ," ಎಂದ ಡ್ರೈವರ್.

ಆಮೇಲೆ ತೆಳು ದನಿಯೊಂದು, ದಪ್ಪ ದನಿಯೊಂದು, ಮೇಲಿನಿಂದ ಕೂಗಿದರೆ ಕೆಳಗಿನಿಂದ ಓಗೊಟ್ಟಂತೆ. ನಡುವಿನ ದೂರ ಕಡಿಮೆಯಾಗುತ್ತಾ ಬಂತು. ಎರಡೂ ಹತ್ತಿರ ಹತ್ತಿರ ಬಂದವು. ಆಮೇಲೆ ಏನೂ ಇಲ್ಲ.

ಸುಮ್ಮನೆ ಒಂದು ನಿಮಿಷ, ಎರಡು ನಿಮಿಷ, ಐದು ನಿಮಿಷ. ಅವರಿಬ್ಬರೂ ಎದುರಾದ ಜಾಗ ಅಜ್ಜಿಗೆ ಲೆಕ್ಕಕ್ಕೆ ಬರುತ್ತಿತ್ತು. ನಡುದಾರಿಯ ನಿಲ್ಲುವ ಜಾಗಕ್ಕೆ ಸ್ವಲ್ಪ ಮೇಲೆ, ಸುಣ್ಣದ ಕಲ್ಲುಗಳ ಹತ್ತಿರ. ಡ್ರೈವರ್ ನಾನು ಹೋಗಿ ನೋಡಲೇ ಎಂದ. ಬೇಡ ಎಂದು ಅಜ್ಜಿ ತಲೆಯಾಡಿಸಿದಳು. ದೇವರಿಗೆ ಏನೆಂದು ಹೇಳುವುದೋ ತೋಚಲಿಲ್ಲ. ಇಷ್ಟು ವರ್ಷ ಹೇಳಿ ಹೇಳಿ ಸವೆದ ಮಾತೇ ಬಾಯಿಗೆ ಬಂತು. ಇಬ್ಬರನ್ನೂ ದಾಟಿಸು ತಂದೆ.

ಆಗ ಸೀಟಿ ಕೇಳಿಸಿತು. ತೆಳ್ಳಗಿನದು ಒಂದೇ. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ಅದೇ, ಇನ್ನಷ್ಟು ಹತ್ತಿರದಲ್ಲಿ.

"ದಪ್ಪದ್ದು ಎಲ್ಲಿ ಹೋಯ್ತು?" ಎಂದು ಒಬ್ಬ ಪ್ರಯಾಣಿಕ ಪಿಸುಗುಟ್ಟಿದ.

ಅಜ್ಜಿ ಕಂಬ ಬಿಟ್ಟು ಕುರ್ಚಿಯಲ್ಲಿ ಕೂತಳು. ಅವಳ ಮುಖದಲ್ಲಿ ನಗು ತುಂಬಿತ್ತು. "ಇಬ್ಬರು ಜೊತೇಲಿ ನಡೆಯೋವಾಗ ಎರಡು ಸೀಟಿ ಯಾಕಪ್ಪಾ," ಎಂದಳು. "ಒಂದು ಸಾಕು."

ಅರ್ಧ ಗಂಟೆಯ ಮೇಲೆ ಮಂಜಿನಿಂದ ಇಬ್ಬರೂ ಹೊರಬಂದರು. ಅವನು ಕುಂಟುತ್ತಿದ್ದ, ಅವಳು ಅವನ ತೋಳು ಹಿಡಿದಿದ್ದಳು. ಜನರನ್ನು ಕಂಡು ತಟ್ಟನೆ ಬಿಟ್ಟಳು, ಆಮೇಲೆ ಏನೋ ಯೋಚಿಸಿ ಮತ್ತೆ ಹಿಡಿದುಕೊಂಡಳು. ಅವಳ ಕಣ್ಣುಗಳು ಅತ್ತು ಕೆಂಪಾಗಿದ್ದವು, ಆದರೆ ಈ ಸಲ ನಗು ಅಲ್ಲಿಯ ತನಕವೂ ಹೋಗಿತ್ತು. ಅತ್ತೆಯ ಮುಂದೆ ನಿಂತು, "ಬರೆಯೋಕೆ ನಿಮಗೆ ಆ ಕ್ಯಾಲೆಂಡರೇ ಬೇಕಿತ್ತಾ ಅತ್ತೆ?" ಎಂದಳು.

ಅವನು ಕೆಂಪು ಕೊಳವೆಯನ್ನು ಎರಡೂ ಕೈಯಲ್ಲಿ ಹಿಡಿದು ಅಜ್ಜಿಗೆ ಕೊಟ್ಟ. ಅವಳು ಮುಚ್ಚಳ ತಿರುಗಿಸಿದಳು. ಒಳಗೆ ನಿಯಮದ ಪ್ರಕಾರ ಬರೆದ ಚೀಟಿ: "ಗಾಡಿ ಇಲ್ಲ. ನಡೆದು ಬಂದವರು ಇಬ್ಬರು. ರಸ್ತೆ ಖಾಲಿ ಇದೆ." ಹಿಂದೆ ತಿರುಗಿಸಿದಳು. "ಕಿಟಕಿ ಎರಡಿವೆ. ಒಂದು ಬೀದಿಗೆ, ಒಂದು ಬಸ್ ನಿಲ್ದಾಣಕ್ಕೆ. ಎರಡಕ್ಕೂ ಬೆಳಗಿನ ಬಿಸಿಲಿದೆ. ತಾವು ನೋಡಿ ಆರಿಸಿಕೊಳ್ಳಬೇಕು."

ಅಜ್ಜಿ ಎರಡು ಸಲ ಓದಿದಳು. "ಬಸ್ ನಿಲ್ದಾಣದ್ದು," ಎಂದಳು. ದೇವರಿಗೆ ಒಪ್ಪಿಸಲು ಅಲ್ಲಿ ಜನ ಜಾಸ್ತಿ ಎಂಬುದು ಅವಳ ಎಣಿಕೆ. ಬಸ್ಸಿನ ಡ್ರೈವರ್ ಕಣ್ಣೊರೆಸಿಕೊಂಡು, ಮಂಜು ಕಣ್ಣಿಗೆ ಒಳ್ಳೆಯದಲ್ಲ ಎಂದ.

ಒಳಗೆ ಬಂದು ಚಹಾ ಕುಡಿದು ಹೋಗು ಎಂದಳು ಅಜ್ಜಿ. ಅವನು ಒಳಗೆ ಬಂದ, ಅಡ್ಡಪಟ್ಟಿಗೆ ತಲೆ ಬಡಿಸಿಕೊಂಡ, ಪರವಾಗಿಲ್ಲ ಎಂದ. ಕೆಳಗೆ ಜನ ಕಾಯುತ್ತಿದ್ದುದರಿಂದ ನಿಂತೇ ಕುಡಿದ. ಹೊರಗೆ ಹೋಗುವಾಗ ಮತ್ತೆ ಬಡಿಸಿಕೊಂಡ. ಈ ಸಲ ಸೊಸೆ ಅಯ್ಯೋ ಎಂದು ತನ್ನ ಕೈಯನ್ನು ಪಟ್ಟಿಗೆ ಅಡ್ಡ ಹಿಡಿದಳು, ಆದರೆ ಸ್ವಲ್ಪ ತಡವಾಗಿತ್ತು.

ಕೊಳವೆ ಮೇಲೆ ಬಂದಿತ್ತು, ಆದ್ದರಿಂದ ಇಳಿಯುವ ಸರದಿ ಮೇಲಿನವರದು. ಸೊಸೆ ಗೇಟು ಎತ್ತಿದಳು. ಒಂದು ಗಾಡಿಯೂ ಅಲುಗಲಿಲ್ಲ. ಕಾರಿನವನು ಲಾರಿಯವನಿಗೆ ಮುಂದೆ ಹೋಗಿ ಎಂದು ಕೈ ತೋರಿಸಿದ, ಲಾರಿಯವನು ಬಸ್ಸಿನವನಿಗೆ ತೋರಿಸಿದ, ಬಸ್ಸಿನವನು ಚಕ್ರ ನೋಡುವ ನೆಪದಲ್ಲಿ ಬಗ್ಗಿ ಕೂತ. ಕೆಳಗಿನ ಗೇಟಿನವನನ್ನೂ ಕೊಳವೆಯನ್ನೂ ಕರೆದುಕೊಂಡು ಹೋಗುವ ಆ ಕಡೆಯ ಗಾಡಿ ಯಾವುದಾಗಬೇಕು ಎಂಬುದೇ ಪ್ರಶ್ನೆ. ಕೊನೆಗೆ ಅಜ್ಜಿಯೇ ಹೊರಗೆ ಬಂದು, ಕೆಳಗಿನವನಿಂದ ತನ್ನ ಪುಟ ಇಸಿದುಕೊಂಡು ಎಲ್ಲರಿಗೂ ಒಮ್ಮೆ ಗಟ್ಟಿಯಾಗಿ ಓದಿ ಹೇಳಿ, ಬಸ್ಸನ್ನು ಕಡೆಗೆ ನಿಲ್ಲಿಸಿ, ಉಳಿದವರನ್ನು ಗದರಿಸಿ ಕಳಿಸಬೇಕಾಯಿತು.

ಆಮೇಲೆ ಅವಳು ಒಳಗೆ ಹೋಗಿ ಕಿಟಕಿಯಲ್ಲಿ ಕೂತಳು. ಗಾಳಿ ದಿಕ್ಕು ಬದಲಿಸಿತ್ತು, ಮಂಜು ಅಲ್ಲಲ್ಲಿ ಹರಿದು ತಿರುವಿನ ಬಿಳಿ ಕಲ್ಲುಗಳು ಕಾಣಿಸಿದವು. ಅವಳು ಮಗನಿಗೆ ಎರಡು ಮಾತು ಹೇಳಿದಳು. ಅದು ಅವರಿಬ್ಬರ ನಡುವಿನದು. ಹಿಂದೆ ಸೊಸೆ ಚಹಾ ಲೋಟಗಳನ್ನು ತೊಳೆಯುತ್ತಾ ಏನೋ ಗುನುಗುತ್ತಿದ್ದಳು. ಆ ದನಿ ಈ ಕೋಣೆಗೆ ಹೊಸದು.

ಬಸ್ಸು ಮೆಲ್ಲಗೆ ತಿರುವಿಗೆ ಬಂತು. ಮುಂದಿನ ಗಾಜಿನ ಹಿಂದೆ, ಡ್ರೈವರಿನ ಪಕ್ಕದಲ್ಲಿ, ಕೆಂಪು ಕೊಳವೆ ಹಿಡಿದ ಉದ್ದನೆಯ ಆಕಾರವೊಂದು ಈ ಕಡೆಗೇ ನೋಡುತ್ತಿತ್ತು.

"ಇವನನ್ನ ದಾಟಿಸು ತಂದೆ," ಎಂದಳು ಅಜ್ಜಿ. ಸ್ವಲ್ಪ ತಡೆದು, ಬುಟ್ಟಿಯಲ್ಲಿ ಉಳಿದ ದಪ್ಪ ಉಣ್ಣೆಯನ್ನು ಕೈಯಲ್ಲಿ ಹಿಡಿದು ನೋಡಿದಳು. ಬಾಗಿಲಿನ ಅಡ್ಡಪಟ್ಟಿಗೆ ಸುತ್ತಲು ಸಾಕಾಗುವಷ್ಟಿತ್ತು. "ತಲೆಯನ್ನ ನಾನು ನೋಡ್ಕೋತೀನಿ."